ಸತ್ತದ್ದೇ ಬೇಕು ಅಂದಾಗ

ಬುಗುರಕ್ಕ ಕೂತು ಊಟ ಮಾಡಿದ್ದನ್ನು ನೋಡಿದವರು ಕಡಿಮೆ. ತಟ್ಟೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ತುತ್ತು ಮುಗಿಸಿ ಕೈ ತೊಳೆದುಬಿಡುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅದನ್ನು ನೋಡಿ, "ಮನೆಗೆ ಸೊಸೆ ತಂದ್ವೋ, ಬುಗುರಿ ತಂದ್ವೋ?" ಎಂದರಂತೆ. ಆ ಹೆಸರೇ ನಿಂತಿತು. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಅವಳ ಪ್ರಾರ್ಥನೆಯೂ ಹಾಗೆಯೇ. ನಾದಿನಿ ಬೆಳಗ್ಗೆ ಕಣ್ಣು ಮುಚ್ಚಿ ಕೂತರೆ ಮನೆಯಲ್ಲಿ ಪಾತ್ರೆ ಬಿದ್ದರೂ ಏಳುವವಳಲ್ಲ. ಬುಗುರಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ದೇವರೇ, ಎಲ್ಲ ನೋಡ್ಕೋಪ್ಪ" ಎಂದು ಹೇಳಿ ಹೊರಟುಬಿಡುತ್ತಾಳೆ. ಅದೂ ಅವನಿಗೆ ತಲುಪುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಒಂದು ಕೆಲಸದಲ್ಲಿ ನಿಂತವಳಲ್ಲ ಅವಳು. ಬಟ್ಟೆ ಹೊಲಿದಳು, ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬ ಮುಚ್ಚಿದಳು, ಮುದ್ರಣಾಲಯದಲ್ಲಿ ಹಾಳೆ ಮಡಚಿದಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಒಗೆದಳು. ಎಲ್ಲ ಕಡೆಯೂ ಕೆಲಸ ಕೈಗೆ ಹತ್ತುವಷ್ಟರಲ್ಲಿ ಕಾಲು ಕೀಳುತ್ತಿದ್ದಳು. ಗಂಡ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಸ್ಟೂಲಿನ ಮೇಲೆ ಕೂತಿರುವ ತಣ್ಣನೆಯ ಮನುಷ್ಯ. "ನಾನು ಕೂತಲ್ಲೇ ದಿನಾ ಆಕಾಶ ಮುಟ್ಟಿ ಬರ್ತೀನಿ, ಇವಳು ಓಡಿ ಓಡಿ ಇದ್ದಲ್ಲೇ ಇರ್ತಾಳೆ" ಎಂದು ಅವನು ಹೇಳಿದರೆ, "ನಿಮ್ಮನ್ನ ಎಳೆಯೋಕೆ ಹಗ್ಗ ಇದೆ ಕಣ್ರೀ, ನನಗೇನಿದೆ?" ಎಂದು ಅವಳು ಬಾಯಿ ಮುಚ್ಚಿಸುತ್ತಾಳೆ.

ಅಂಥವಳು ನಿಂತದ್ದು ಒಂದೇ ಕಡೆ. ಊರಿನ ಅಂಚಿನಲ್ಲಿ, ಲಾರಿ ರಿಪೇರಿಯವರ ಸಾಲಿನ ಕೊನೆಯಲ್ಲಿರುವ ತಗಡಿನ ಶೆಡ್ಡಿನಲ್ಲಿ. ಅದು ಹಳೆಯ ಮೋಟರುಗಳನ್ನು ಒಡೆಯುವ ಜಾಗ. ಬಟ್ಟೆ ಒಗೆಯುವ ಯಂತ್ರದ್ದು, ಏರ್ ಕೂಲರಿನದ್ದು, ಈಗೀಗ ಹೆಚ್ಚಾಗಿ ಬ್ಯಾಟರಿ ಸ್ಕೂಟರುಗಳದ್ದು. ತಾಮ್ರ ಒಂದು ಕಡೆ, ಕಬ್ಬಿಣ ಒಂದು ಕಡೆ, ಅಲ್ಯೂಮಿನಿಯಂ ಒಂದು ಕಡೆ. ಸ್ಕೂಟರಿನ ಚಕ್ರದ ಒಳಸುತ್ತಿನಲ್ಲಿ ಬಿಸ್ಕತ್ತಿನಂತೆ ಸಾಲಾಗಿ ಅಂಟಿಸಿದ ಅಯಸ್ಕಾಂತಗಳಿರುತ್ತವೆ. ಅವನ್ನು ಹಿತ್ತಾಳೆಯ ಉಳಿಯಿಂದ ಎಬ್ಬಿಸಬೇಕು, ಕಬ್ಬಿಣದ ಉಳಿ ಹಿಡಿದರೆ ಉಳಿಯೇ ಅಂಟಿಕೊಂಡು ಬಿಡಿಸುವುದೇ ಒಂದು ಕೆಲಸವಾಗುತ್ತದೆ. ಪ್ರತಿ ಮೋಟರೂ ಒಂದೊಂದು ಥರ ಹಟ ಮಾಡುತ್ತದೆ. ಅದಕ್ಕೇ ಇರಬೇಕು, ಬುಗುರಕ್ಕನಿಗೆ ಅಲ್ಲಿ ಬೇಸರ ಬರಲಿಲ್ಲ. ಹಳೆಯ ಯಜಮಾನ ಬಿಟ್ಟುಹೋದಾಗ ಶೆಡ್ಡನ್ನು ತಾನೇ ವಹಿಸಿಕೊಂಡಳು. ನಾದಿನಿಯನ್ನೂ ಅಕ್ಕಪಕ್ಕದ ಕೆಲವು ಹೆಂಗಸರನ್ನೂ ಕರೆದುಕೊಂಡಳು.

ಆ ಶೆಡ್ಡಿನಲ್ಲಿ ಅಯಸ್ಕಾಂತಗಳಿಗೆ ಎರಡೇ ಜಾತಿ. ಎಳೆಯುವುದಕ್ಕೆ ಜೀವ ಇದೆ, ಎಳೆಯದ್ದು ಸತ್ತಿದೆ. ಜೀವ ಇರುವುದರಿಂದ ತೊಂದರೆಯೇ ಹೆಚ್ಚು. ಎರಡು ತುಂಡು ದೂರದಿಂದಲೇ ಹಾರಿ ಬಂದು ಬೆರಳನ್ನು ನಡುವೆ ಹಿಡಿದು ಕಚ್ಚುತ್ತವೆ, ಬೀಗದ ಕೈ, ಕತ್ತರಿ, ಸೇಫ್ಟಿ ಪಿನ್ನು ಎಲ್ಲವನ್ನೂ ತಮ್ಮ ಮೈಗೆ ಎಳೆದುಕೊಳ್ಳುತ್ತವೆ. ಗುಜರಿ ವ್ಯಾಪಾರಿಯ ತಕ್ಕಡಿ ಕಬ್ಬಿಣದ್ದು, ಗಾಡಿಯೂ ಕಬ್ಬಿಣದ್ದು. ಜೀವ ಇರುವುದನ್ನು ಅವನು ಮುಟ್ಟುವುದಿಲ್ಲ. ಹಾಗಾಗಿ ದೊಡ್ಡ ಲೋಡು ಹೋಗುವುದಿದ್ದರೆ ಮೊದಲು ಅವನ್ನು ಸಾಯಿಸುವುದು ಶೆಡ್ಡಿನ ಪದ್ಧತಿ. ಹಿತ್ತಲಿನಲ್ಲಿ ದೊಡ್ಡ ಒಲೆಯ ಮೇಲೆ ದಪ್ಪ ತಗಡು ಇಟ್ಟು, ಅದರ ಮೇಲೆ ತುಂಡುಗಳನ್ನು ಹರಡಿ, ಮೇಲೊಂದು ಮುಚ್ಚಳ ಹಾಕಿ, ಅಂಟು ಹೊಗೆಯಾಡಿ ನಿಲ್ಲುವ ತನಕ ಕಾಯಿಸುವುದು. ಆರಿದ ಮೇಲೆ ದಾರಕ್ಕೆ ಕಟ್ಟಿದ ಮೊಳೆಯನ್ನು ಹತ್ತಿರ ಹಿಡಿಯುವುದು. ಮೊಳೆ ಅಲ್ಲಾಡದಿದ್ದರೆ ಸತ್ತಿತು, ಮೂಟೆ ಕಟ್ಟಬಹುದು.

ಮೇಡಂ ಬಂದದ್ದು ಆಮೇಲೆ. ವಿಶ್ವವಿದ್ಯಾಲಯದವಳು. ಎಳೆಯ ವಯಸ್ಸು, ದಪ್ಪ ಕನ್ನಡಕ, ಬಂದ ಮೊದಲ ದಿನವೇ ಅಯಸ್ಕಾಂತಕ್ಕೆ ಬೆರಳು ಕೊಟ್ಟು ಉಗುರು ಕಪ್ಪು ಮಾಡಿಕೊಂಡವಳು. ಅದರಿಂದ ಹೆಂಗಸರಿಗೆ ಅವಳು ಕೂಡಲೇ ಹತ್ತಿರವಾದಳು. ಅವಳು ಮೋಟರಿನ ಡಬ್ಬದ ಮೇಲೆ ಕೂತು ವಿವರಿಸಿದಳು. ಈ ಬೂದು ತುಂಡುಗಳೊಳಗೆ ಅಪರೂಪದ ಲೋಹಗಳಿವೆ. ಗಾಳಿಯಂತ್ರ ತಿರುಗುವುದಕ್ಕೂ ಬ್ಯಾಟರಿ ಗಾಡಿ ಓಡುವುದಕ್ಕೂ ಅವು ಬೇಕು. ಅಗೆದು ಶುದ್ಧ ಮಾಡುವ ದೇಶಗಳು ಬೆರಳೆಣಿಕೆಯಷ್ಟು. ಅವರು ಒಂದು ದಿನ ಬಾಗಿಲು ಹಾಕಿಕೊಂಡರೆ ಇಲ್ಲಿ ಕಾರ್ಖಾನೆಗಳು ಕೈಕಟ್ಟಿ ಕೂರಬೇಕು. ಹಳೆಯದರಿಂದಲೇ ಹೊಸದನ್ನು ಮಾಡಿಕೊಳ್ಳುವ ಸಂಶೋಧನೆಗೆ ಸರ್ಕಾರವೂ ಕಾರ್ಖಾನೆಗಳೂ ಸೇರಿ ಹಣ ಇಟ್ಟಿವೆ, ಆದರೆ ಒಂದು ಷರತ್ತು.

"ಒಬ್ಬರೇ ಹೋಗಿ ಕೇಳಿದ್ರೆ ಬಿಡಿಗಾಸೂ ಇಲ್ಲ ಅಕ್ಕಾ. ಒಡೆಯೋರು, ಬೇರ್ಪಡಿಸೋರು, ಎಲ್ಲಾ ಒಟ್ಟಿಗೆ ಮಾಡ್ತೀವಿ ಅಂತ ತೋರಿಸ್ಬೇಕು."

"ಒಟ್ಟಿಗೆ ಅಂದ್ರೆ ಯಾರ್‍ಯಾರು?" ಎಂದಳು ನಾದಿನಿ.

"ನಾನು, ನೀವು, ಮತ್ತೆ..." ಮೇಡಂ ಕನ್ನಡಕ ಒರೆಸಿಕೊಂಡಳು. "ಇನ್ನೊಂದು ಸಂಸ್ಥೆಯ ಒಬ್ಬ ಸಾರ್ ಇದಾರೆ."

ಆ ಸಾರ್ ಊರಿನ ಇನ್ನೊಂದು ತುದಿಯಲ್ಲಿರುವ ಸಂಸ್ಥೆಯವರು. ನಿವೃತ್ತಿಗೆ ಹತ್ತಿರವಾದವರು. ಶೆಡ್ಡಿನಲ್ಲಿ ಅವರಿಗೆ ಆಸಿಡ್ ಸಾರ್ ಎಂದು ಹೆಸರು ಬಿದ್ದಿತು. ಅವರು ಅಯಸ್ಕಾಂತವನ್ನು ಹುರಿದು, ಪುಡಿ ಮಾಡಿ, ಆಸಿಡ್‌ನಲ್ಲಿ ಕರಗಿಸಿ ಲೋಹ ತೆಗೆಯುವವರು. ಮೇಡಂ ಹಾಗಲ್ಲ. ಅವಳು ಅಯಸ್ಕಾಂತವನ್ನು ಗಟ್ಟಿ ಪಾತ್ರೆಯೊಳಗಿಟ್ಟು ಹೈಡ್ರೋಜನ್ ತುಂಬುತ್ತಾಳೆ. ಅನಿಲ ಒಳಗೆ ನುಗ್ಗಿದರೆ ತುಂಡು ತಾನಾಗಿ ಉಬ್ಬಿ, ಒದ್ದೆ ಗೋಡೆಯ ಸುಣ್ಣದಂತೆ ಪುಡಿಪುಡಿಯಾಗಿ ಉದುರುತ್ತದೆ. ಆ ಪುಡಿಯಿಂದ ನೇರವಾಗಿ ಹೊಸ ಅಯಸ್ಕಾಂತ ಮಾಡಬಹುದು. ನನ್ನ ದಾರಿ ಮೊದಲು ಎಂದು ಅವಳು, ನನ್ನದು ಮೊದಲು ಎಂದು ಅವರು. ಅರ್ಜಿಯಲ್ಲಿ ಜೊತೆಯಾಗಿ ಹೆಸರು ಹಾಕಿದರೂ ಒಬ್ಬರ ಫೋನನ್ನು ಇನ್ನೊಬ್ಬರು ಎತ್ತುತ್ತಿರಲಿಲ್ಲ.

"ಒಂದೇ ಅಡುಗೆಮನೇಲಿ ಇಬ್ಬರು ವಾರಗಿತ್ತೀರು" ಎಂದಳು ನಾದಿನಿ. "ಒಲೆ ಒಂದೇ, ಮುಖ ಮಾತ್ರ ಆ ಕಡೆ ಈ ಕಡೆ."

ಮೊದಲ ಕಂತಿನ ಹಣದಲ್ಲಿ ಸಣ್ಣ ಸಣ್ಣ ಪರೀಕ್ಷೆಗಳಾದವು. ಮೇಡಂ ಮರದ ಪೆಟ್ಟಿಗೆಯಲ್ಲಿ ಸ್ಪಂಜು ಹಾಸಿ, ಜೀವ ಇರುವ ಕೆಲವು ತುಂಡುಗಳನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಎಲ್ಲ ಸರಿಯಾಗಿ ಬಂತು. ಇನ್ನು ದೊಡ್ಡ ಕಂತು. ಅದಕ್ಕೆ ಮೊದಲು ಹಣ ಕೊಡುವ ಸಮಿತಿಯವರು ಖುದ್ದಾಗಿ ಬಂದು, ಮೂಟೆಗಟ್ಟಲೆ ಮಾಲಿನಿಂದಲೂ ಈ ಕೆಲಸ ಆಗುತ್ತದೆಯೇ ಎಂದು ನೋಡುತ್ತಾರೆ. ಆಯಿತೆಂದರೆ ಮೂರು ವರ್ಷದ ಅನುದಾನ, ಅದರಲ್ಲಿ ಶೆಡ್ಡಿನ ಬಾಡಿಗೆಯೂ ಸೇರಿದೆ. ಆಗದಿದ್ದರೆ ಶೆಡ್ಡು ಉಳಿಯುವುದಿಲ್ಲ. ಜಾಗದ ಒಡೆಯ ಅಲ್ಲಿ ಕಾರು ತೊಳೆಯುವ ಅಂಗಡಿ ಮಾಡಲು ಆಗಲೇ ಮಾತು ಕೊಟ್ಟಿದ್ದ.

ಬುಗುರಕ್ಕನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ಕಡೆ ಇರಬೇಕು ಅನ್ನಿಸಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾನೆ ಎಂದಲ್ಲ, ಹೇಳಿದ ಮೇಲೆ ಕೈತಪ್ಪಿ ಹೋದರೆ ಎಂಬ ಭಯ.

ಮೇಡಂನ ಫೋನು ಬಂದಾಗ ಶೆಡ್ಡಿನಲ್ಲಿ ಕಟರ್ ಓಡುತ್ತಿತ್ತು. ಬುಗುರಕ್ಕ ಒಂದು ಕಿವಿ ಮುಚ್ಚಿಕೊಂಡು ಹೊರಗೆ ಬಂದಳು.

"ಅಕ್ಕಾ, ಸಮಿತಿಗೆ ಲೋಡು ಕಳಿಸ್ತೀರಲ್ಲ, ಅದರಲ್ಲಿ ಸತ್ತದ್ದೇ ಬೇಕು. ಜೀವ ಇರೋದು ಒಂದೂ ಬೇಡ. ಅವರು ಅದನ್ನೇ ಮೊದಲು ಕೇಳೋದು."

"ಎಲ್ಲಾನೂ ಸತ್ತದ್ದೇನಾ?"

"ಎಲ್ಲಾನೂ. ಒಂದೇ ಒಂದು ಜೀವ ಇರೋದು ಸಿಕ್ಕಿದ್ರೂ ನಮ್ಮ ಕಥೆ ಮುಗೀತು."

"ಆಯ್ತು ಬಿಡಿ, ನೋಡ್ಕೋತೀನಿ" ಎಂದು ಬುಗುರಕ್ಕ ಫೋನು ಇಟ್ಟಳು.

ಮೇಡಂ ಶೆಡ್ಡಿನ ಮಾತನ್ನು ಕಲಿತು ಸಂತೋಷದಿಂದ ಬಳಸುತ್ತಿದ್ದಳು, ಆದರೆ ಅರ್ಧ ಕಲಿತಿದ್ದಳು. ಅವಳು ಹೇಳಿದ್ದು ಮೋಟರಿನ ಮಾತು. ಓಡಿ ಓಡಿ ಕೆಟ್ಟು ಸತ್ತುಹೋದ ಮೋಟರಿನಿಂದ ತೆಗೆದ ಅಯಸ್ಕಾಂತ ಬೇಕು, ಇನ್ನೂ ಓಡುತ್ತಿರುವ ಮೋಟರಿನದ್ದೋ ಕಾರ್ಖಾನೆ ತಿರಸ್ಕರಿಸಿದ ಹೊಸದ್ದೋ ಬೇಡ ಎಂದು. ಬುಗುರಕ್ಕ ಕೇಳಿಸಿಕೊಂಡದ್ದು ಅಯಸ್ಕಾಂತದ ಮಾತು. ಲೋಡು ದೊಡ್ಡದು, ವ್ಯಾನಿನಲ್ಲಿ ಹೋಗಬೇಕು, ಅಂದ ಮೇಲೆ ಸತ್ತದ್ದೇ ಹೋಗಬೇಕು. ಶೆಡ್ಡಿನ ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ.

ನಾದಿನಿ ಮಾತ್ರ ಒಮ್ಮೆ, "ಅತ್ತಿಗೆ, ಇಷ್ಟು ದಿನ ಜೀವ ಇರೋದನ್ನೇ ಒಯ್ತಿದ್ರಲ್ಲ? ಒಂದ್ಸಲ ಕೇಳಿನೋಡಬಾರ್ದಾ?" ಎಂದಳು.

"ಕೇಳ್ತಾ ನಿಂತ್ರೆ ಸಮಿತಿಯವರು ಬಂದು ಹೋಗಿರ್ತಾರೆ. ಒಲೆ ಹಚ್ಚು" ಎಂದಳು ಬುಗುರಕ್ಕ.

ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲವೂ ತಗಡಿನ ಮೇಲೆ ಬಿತ್ತು. ಅವಳು ಒಲೆಯ ಸುತ್ತ ಸುತ್ತುತ್ತಾ ಇಕ್ಕಳದಿಂದ ತುಂಡುಗಳನ್ನು ತಿರುವಿ ಹಾಕಿದಳು. ಒಂದೂ ಉಳಿಯಬಾರದೆಂದು ದಾರದ ಮೊಳೆಯನ್ನು ಪ್ರತಿಯೊಂದಕ್ಕೂ ಹಿಡಿದು ನೋಡಿದಳು. ಅಷ್ಟು ಶ್ರದ್ಧೆಯಿಂದ ಅವಳು ಇನ್ನಾವ ತಪ್ಪನ್ನೂ ಮಾಡಿರಲಿಕ್ಕಿಲ್ಲ.

ಲೋಡು ಹೋಯಿತು. ಸಮಿತಿ ಬರಲು ಇನ್ನೂ ಒಂದು ವಾರವಿರುವಾಗ ಮೇಡಂ ಆಟೋದಲ್ಲಿ ಬಂದಿಳಿದಳು. ಕೈಯಲ್ಲಿ ಒಂದು ತುಂಡು ಇತ್ತು. ಮುಖ ನೋಡಿದೊಡನೆ ನಾದಿನಿ ಕಟರ್ ನಿಲ್ಲಿಸಿದಳು.

"ಅಕ್ಕಾ, ಇದಕ್ಕೇನು ಮಾಡಿದ್ರಿ?"

"ಸಾಯಿಸಿದ್ವಿ. ನೀವೇ ಹೇಳಿದ್ರಲ್ಲ?"

"ನಾನು ಸಾಯಿಸಿ ಅಂದ್ನಾ?"

"ಸತ್ತದ್ದೇ ಬೇಕು, ಜೀವ ಇರೋದು ಒಂದೂ ಬೇಡ ಅಂದ್ರಿ. ನಾನೇನು ಕನಸು ಕಂಡ್ನಾ?"

ತಾನು ಏನು ಹೇಳಿದೆ, ಇವರು ಏನು ಕೇಳಿಸಿಕೊಂಡರು ಎಂಬುದು ಮೇಡಂಗೆ ಆ ಕ್ಷಣದಲ್ಲಿ ಹೊಳೆಯಿತು. ಅಲ್ಲೇ ಡಬ್ಬದ ಮೇಲೆ ಕೂತು ಬಿಡಿಸಿ ಹೇಳಿದಳು. ಬೆಂಕಿಯಲ್ಲಿ ತುಂಡಿನ ಮೈ ಗಾಳಿಯನ್ನು ಕುಡಿದು ಸುಟ್ಟಿದೆ, ಹೈಡ್ರೋಜನ್ ಈಗ ಒಳಗೆ ಹೋಗುತ್ತಿಲ್ಲ. ಪಾತ್ರೆಯಲ್ಲಿ ಇಡೀ ದಿನ ಇಟ್ಟರೂ ತುಂಡುಗಳು ಇಟ್ಟ ಹಾಗೆಯೇ ಇವೆ. ಇನ್ನೊಂದು ಲೋಡು ಕೂಡಿಸಲು ಸಮಯವಿಲ್ಲ.

"ಎಲ್ಲಾನೂ ಸುಟ್ರಾ? ಒಂದೂ ಬಿಡ್ಲಿಲ್ವಾ?"

"ಒಂದೂ ಬಿಡ್ಲಿಲ್ಲ" ಎಂದಳು ಬುಗುರಕ್ಕ. ಹೇಳುವಾಗ ಅವಳಿಗೇ ತನ್ನ ಮೇಲೆ ಸಿಟ್ಟು ಬಂತು.

ಮೇಡಂ ನೆಲ ನೋಡುತ್ತಾ ಹೇಳಿದಳು, "ನನ್ನ ಹತ್ರ ಹಳೇ ಪರೀಕ್ಷೆಯ ನಾಲ್ಕು ತುಂಡು ಉಳಿದಿವೆ. ಪಾತ್ರೇಲಿ ಅದನ್ನೇ ಹಾಕಿ ತೋರಿಸ್ತೀನಿ. ಈ ಲೋಡಿನದ್ದೇ ಅಂತೀನಿ. ನೀವೂ ಯಾರಿಗೂ ಏನೂ ಹೇಳ್ಬೇಡಿ."

ಆಟೋ ಹೋದ ಮೇಲೆ ಬುಗುರಕ್ಕ ಶೆಡ್ಡಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದಳು. ಸುತ್ತಿಗೆಗಳನ್ನು ಉದ್ದದ ಕ್ರಮದಲ್ಲಿ ಜೋಡಿಸಿದಳು, ಸರಿಯಾಗಲಿಲ್ಲ ಎಂದು ತೂಕದ ಕ್ರಮದಲ್ಲಿ ಜೋಡಿಸಿದಳು.

"ಬಾಯಿಗೆ ಬೀಗ ಹಾಕ್ಕೊಂಡು ಸುಮ್ನಿರು ಅತ್ತಿಗೆ" ಎಂದಳು ನಾದಿನಿ. "ಓದಿದೋಳು ಅವಳು. ಅವಳಿಗೆ ಗೊತ್ತಿರುತ್ತೆ."

"ಮುಂದಿನ ಲೋಡಿಗೆ ಏನು ಮಾಡ್ತಾಳೆ? ಅದರ ಮುಂದಿಂದಕ್ಕೆ? ಮೂರು ವರ್ಷ ನಾಲ್ಕೇ ತುಂಡು ತೋರಿಸ್ತಾಳಾ?"

"ಮೊದ್ಲು ಶೆಡ್ಡು ಉಳೀಲಿ."

ಬುಗುರಕ್ಕನಿಗೂ ಅದೇ ಬೇಕಿತ್ತು. ಶೆಡ್ಡು ಉಳಿಯಬೇಕು. ಆದರೆ ನಾಲ್ಕು ತುಂಡಿನ ಆ ಸುಳ್ಳು ನುಂಗಿದ ಮುಳ್ಳಿನಂತೆ ಕೆಳಗೂ ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ. ಮನೆಯಲ್ಲಿ ಗಂಡ, "ಏನಾಯ್ತು ಕಣೇ, ಇವತ್ತು ಕಿಟಕಿ ಬಾಗಿಲಿಗೆ ನಿನ್ನ ಕಂಡ್ರೆ ತಲೆ ಸುತ್ತುತ್ತಂತೆ" ಎಂದ. ಅವಳು ತಟ್ಟೆ ಹಿಡಿದು ಕಿಟಕಿಗೆ ಇನ್ನೊಂದು ಸುತ್ತು ಹಾಕಿದಳು. ಅವಳು ಉತ್ತರ ಕೊಡದಿದ್ದರೆ ಅವನಿಗೆ ಹೆದರಿಕೆ. ತನ್ನ ತಟ್ಟೆ ತಾನೇ ತೊಳೆದಿಟ್ಟ.

ಮರುದಿನ ಬೆಳಗ್ಗೆ ಅವಳು ಬಟ್ಟೆ ಚೀಲದಲ್ಲಿ ಕೆಲವು ಸುಟ್ಟ ತುಂಡುಗಳನ್ನು ಹಾಕಿಕೊಂಡು ಬಸ್ಸು ಹತ್ತಿದಳು. ಎಲ್ಲಿಗೆಂದು ನಾದಿನಿಗೂ ಹೇಳಲಿಲ್ಲ. ಯೋಚಿಸಿ ಹೋದದ್ದಲ್ಲ. ಕೂರಲಾಗಲಿಲ್ಲ, ಹೊರಟಳು, ಅಷ್ಟೇ. ಸುಟ್ಟದ್ದಕ್ಕೆ ದಾರಿ ಗೊತ್ತಿದ್ದರೆ ಹುರಿಯುವವರಿಗೇ ಗೊತ್ತಿರಬೇಕು ಎಂಬುದೊಂದೇ ಅವಳ ತಲೆಯಲ್ಲಿ ಇದ್ದದ್ದು.

ಆಸಿಡ್ ಸಾರ್ ಅವರ ಪ್ರಯೋಗಾಲಯ ನೆಲಮಾಳಿಗೆಯಲ್ಲಿ. ಗಾಜಿನ ಬಾಗಿಲು, ಮೂಗಿಗೆ ಹುಳಿ ಹುಳಿ ವಾಸನೆ, ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಡ್ರಮ್ಮುಗಳು. ಅವರು ಬಿಳಿ ಕೋಟು ಹಾಕಿಕೊಂಡು ಟೀ ಕುಡಿಯುತ್ತಿದ್ದರು.

"ಏನಮ್ಮಾ, ಈ ಕಡೆ? ದಾರಿ ತಪ್ಪಿತಾ?"

"ದಾರಿ ಸರಿಯಾಗೇ ಇದೆ ಸಾರ್, ಮಾತು ತಪ್ಪಿತು" ಎಂದು ಚೀಲವನ್ನು ಮೇಜಿನ ಮೇಲೆ ಸುರಿದಳು.

ಅವರು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. "ಇದನ್ನ ಯಾರು ಹುರಿದದ್ದು?"

ಬುಗುರಕ್ಕ ನಡೆದದ್ದೆಲ್ಲವನ್ನೂ ಹೇಳಿದಳು. ನಾಲ್ಕು ಹಳೆಯ ತುಂಡುಗಳ ಮಾತನ್ನು ಮಾತ್ರ ಬಿಟ್ಟಳು, ಅದು ಮೇಡಂನ ಮಾನದ ಪ್ರಶ್ನೆ. ಸಾರ್ ಮೊದಲು ಹೊಟ್ಟೆ ಹಿಡಿದು ನಕ್ಕರು. ಕಣ್ಣೊರೆಸಿಕೊಂಡು, "ಸತ್ತದ್ದೇ ಬೇಕು! ಸರಿಯಾಗಿ ಕೊಟ್ಟಿದ್ದೀರಿ!" ಎಂದು ಇನ್ನೊಮ್ಮೆ ನಕ್ಕರು. ಅವಳು ನಗದೆ ನಿಂತದ್ದನ್ನು ನೋಡಿ ಟೀ ಲೋಟ ಕೆಳಗಿಟ್ಟರು.

"ಹಾಗಾದ್ರೆ ಇದೆಲ್ಲಾ ನಿಮಗೆ ಬರುತ್ತಾ ಸಾರ್? ನೀವು ಹೇಗೂ ಹುರೀತೀರಲ್ಲ."

"ಅಷ್ಟು ಸುಲಭ ಅಲ್ಲಮ್ಮಾ. ನನಗೆ ಒಳಗಿನ ತನಕ ಹುರೀಬೇಕು. ಇದು ಅರೆಬರೆ. ಅವಳಿಗೂ ಬೇಡ, ನನಗೂ ಬೇಡ ಅನ್ನೋ ಹಾಗಿದೆ."

ಅಲ್ಲಿ ಕುರ್ಚಿಯಿದ್ದರೂ ಕೂರದೆ ಬುಗುರಕ್ಕ ತುಂಡುಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದಳು. ಸಾರ್ ಅದನ್ನು ನೋಡಿದರೋ ಏನೋ, ತುಂಡನ್ನು ಒಯ್ದು ನೀರು ಹರಿಯುವ ಗರಗಸಕ್ಕೆ ಒಡ್ಡಿದರು. ಎರಡು ಹೋಳಾಯಿತು. ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದನ್ನು ಕೊಯ್ದರು, ಮತ್ತೊಂದನ್ನು ಕೊಯ್ದರು. ಎಲ್ಲದರ ಅಂಚಿನಲ್ಲೂ ತೆಳ್ಳನೆಯ ಕಪ್ಪು ಸಿಪ್ಪೆ, ನಡುವೆ ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುವ ತಿರುಳು.

"ಬೆಂಕಿ ಒಳಗೆ ಹೋಗಿಲ್ಲ" ಎಂದರು. "ಸಿಪ್ಪೆ ಸುಟ್ಟಿದೆ, ತಿರುಳು ಹಾಗೇ ಇದೆ. ಸಿಪ್ಪೆ ತೆಗೆದ್ರೆ ಅವಳ ಹೈಡ್ರೋಜನ್ ಒಳಗೆ ಹೋಗಬಹುದು. ತೆಗೆದ ಸಿಪ್ಪೆ ನನಗೆ ಸಾಕು. ಆದ್ರೆ ಒಂದೊಂದನ್ನೂ ಕೈಯಲ್ಲಿ ಸಾಣೆ ಹಿಡೀಬೇಕು, ಅದೂ ನೀರಿನಡಿ. ಒಣ ಪುಡಿ ಹಾರಿದ್ರೆ ಬೆಂಕಿ ಹೊತ್ತಿಕೊಳ್ಳುತ್ತೆ."

"ಸಾಣೆ ನಮ್ಮಲ್ಲಿದೆ. ಕೈಗಳೂ ಇವೆ. ಮೇಡಂಗೆ ಫೋನ್ ಮಾಡಿ ಸಾರ್."

"ನಾನ್ಯಾಕೆ ಮಾಡ್ಲಿ? ಅವಳೇ ಮಾಡ್ಲಿ."

"ಅವಳಿಗೆ ಗೊತ್ತೇ ಇಲ್ವಲ್ಲ ಸಾರ್, ಹೇಗೆ ಮಾಡ್ತಾಳೆ?"

"ನನ್ನ ಫೋನು ಅವಳು ಎತ್ತಲ್ಲಮ್ಮಾ."

ಬುಗುರಕ್ಕ ತನ್ನ ಫೋನಿನಿಂದ ಕರೆ ಮಾಡಿ, ಸ್ಪೀಕರ್ ಒತ್ತಿ, ಅದನ್ನು ಟೀ ಲೋಟದ ಪಕ್ಕದಲ್ಲಿಟ್ಟಳು. "ಅಕ್ಕಾ?" ಎಂದು ಮೇಡಂನ ಧ್ವನಿ ಬಂತು. ಸಾರ್ ಗಂಟಲು ಸರಿಮಾಡಿಕೊಂಡರು. ದುಡ್ಡು ಕೊಟ್ಟು ಒಟ್ಟು ಮಾಡಿದ ಇಬ್ಬರು ಓದಿದವರು, ಮದುವೆ ಮಾತುಕತೆಯಲ್ಲಿ ಕೂರಿಸಿದ ಹುಡುಗ ಹುಡುಗಿಯ ಹಾಗೆ, ಯಾರು ಮೊದಲು ಬಾಯಿ ಬಿಡುವುದು ಎಂದು ಕಾಯುತ್ತಿದ್ದರು.

"ಮಾತಾಡಿ, ನನ್ನ ಫೋನಿಗೆ ಬಿಲ್ಲು ಏರ್ತಾ ಇದೆ" ಎಂದಳು ಬುಗುರಕ್ಕ.

ಕೊನೆಗೆ ಸಾರೇ, "ನಿನ್ನ ತಿರುಳು ಚೆನ್ನಾಗಿದೆ ಮಾರಾಯ್ತಿ" ಎಂದರು.

ಅಂದೇ ಸಂಜೆ ಸಾರ್ ಒಂದು ಪೆಟ್ಟಿಗೆ ಸಲಕರಣೆ ಹೊತ್ತುಕೊಂಡು ಶೆಡ್ಡಿಗೆ ಬಂದರು. ಮೇಡಂ ಪ್ರಯೋಗಾಲಯದಿಂದ ಮೂಟೆಗಳನ್ನು ವಾಪಸ್ಸು ತಂದಳು. ಸಾಣೆ ಚಕ್ರದ ಮೇಲೆ ನಲ್ಲಿಯ ಕೊಳವೆ ಕಟ್ಟಿ, ಕೆಳಗೆ ತೊಟ್ಟಿ ಇಟ್ಟು, ಹೆಂಗಸರು ಸರದಿಯಲ್ಲಿ ತುಂಡುಗಳನ್ನು ಒಡ್ಡಿದರು. ತುಂಡು ಸತ್ತಿದ್ದರಿಂದ ಚಕ್ರಕ್ಕೆ ಅಂಟುವ ಕಾಟವಿರಲಿಲ್ಲ. ಕಪ್ಪು ಕೆಸರು ತೊಟ್ಟಿಯಲ್ಲಿ ಇಳಿಯಿತು. ಸಾರ್ ಅದನ್ನು ಸೌಟಿನಿಂದ ಎತ್ತಿ ಎತ್ತಿ ಡಬ್ಬಕ್ಕೆ ತುಂಬುತ್ತಿದ್ದರು. ಮೇಡಂ ತಿರುಳನ್ನು ಗಾಳಿ ತಾಗದಂತೆ ಎಣ್ಣೆಯಲ್ಲಿ ಮುಳುಗಿಸಿಡುತ್ತಿದ್ದಳು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಇಕ್ಕಟ್ಟು. ಬುಗುರಕ್ಕ ಎಲ್ಲರ ನಡುವೆ ತಿರುಗುತ್ತಾ, "ಆಯ್ತಾ? ಇನ್ನೂ ಎಷ್ಟಿದೆ?" ಎಂದು ಕೇಳುತ್ತಲೇ ಇದ್ದಳು.

"ನೀನು ಸುತ್ತೋದು ನಿಲ್ಸಿದ್ರೆ ಬೇಗ ಆಗುತ್ತೆ ಅತ್ತಿಗೆ" ಎಂದಳು ನಾದಿನಿ, ಕೈ ನಿಲ್ಲಿಸದೆ.

ಸಮಿತಿಯವರು ಬರುವ ಹೊತ್ತಿಗೆ ಅರ್ಧ ಲೋಡು ಮುಗಿದಿತ್ತು, ಅರ್ಧ ಹಾಗೆಯೇ ಉಳಿದಿತ್ತು. ಬುಗುರಕ್ಕನನ್ನೂ ಮೇಡಂನ ಪ್ರಯೋಗಾಲಯಕ್ಕೆ ಕರೆದಿದ್ದರು. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಎಲ್ಲರಿಗೂ ಕುರ್ಚಿ. ಸಮಿತಿಯ ಅಧ್ಯಕ್ಷೆ ನರೆಗೂದಲಿನ ಹಿರಿಯರು, ಕೇಳಿದ್ದಕ್ಕಿಂತ ಹೆಚ್ಚು ಮಾತಾಡದವರು. ಮೇಡಂ ಪಾತ್ರೆಯ ಮುಚ್ಚಳ ತೆಗೆದು ಉದುರಿದ ಬೂದು ಪುಡಿಯನ್ನು ತೋರಿಸಿದಳು. ಅವಳು ಹಾಕಿದ್ದು ಆ ಲೋಡಿನ ತಿರುಳನ್ನೇ. ಹಳೆಯ ನಾಲ್ಕು ತುಂಡುಗಳು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಸಾರ್ ತಮ್ಮ ಬಾಟಲಿಯಲ್ಲಿ ತಿಳಿ ಗುಲಾಬಿ ದ್ರಾವಣವನ್ನು ತೋರಿಸಿದರು. ಅಧ್ಯಕ್ಷೆ ಎರಡನ್ನೂ ನೋಡಿ, ಯೋಜನೆಯ ಹಾಳೆಗಳನ್ನು ತಿರುವಿದರು.

"ಸಾಣೆ ಹಿಡಿಯೋದು ಇದರಲ್ಲಿ ಎಲ್ಲೂ ಇಲ್ವಲ್ಲ? ಯಾಕೆ ಬಂತು ಅದು?"

ಬುಗುರಕ್ಕ ಕುರ್ಚಿ ಹಿಂದಕ್ಕೆ ಸರಿಸಿದಳು. ಆದರೆ ಅವಳು ಏಳುವ ಮೊದಲೇ ಮೇಡಂ ಎದ್ದು ನಿಂತಳು.

"ನನ್ನ ತಪ್ಪು. ಮಾಲು ಸುಟ್ಟುಹೋಗಿತ್ತು. ನಾನು ಫೋನಿನಲ್ಲಿ ಸರಿಯಾಗಿ ಹೇಳಲಿಲ್ಲ."

"ಇಲ್ಲಮ್ಮಾ, ನಾನು ಸರಿಯಾಗಿ ಕೇಳ್ಲಿಲ್ಲ" ಎಂದಳು ಬುಗುರಕ್ಕ. "ನಾದಿನಿ ಹೇಳಿದ್ಲು, ಕೇಳು ಅಂತ. ನಾನು ಕೇಳ್ಲಿಲ್ಲ."

"ನೀವು ಸುಮ್ನಿರಿ ಅಕ್ಕಾ, ಮಾತು ನಂದು."

"ಮಾತು ನಿಮ್ದು, ಬೆಂಕಿ ನಂದು."

"ಇಬ್ಬರದ್ದೂ ಅಂತ ಬರ್ಕೊಳ್ಳಿ" ಎಂದರು ಆಸಿಡ್ ಸಾರ್. "ಇಷ್ಟು ದಿನ ಇವರ ಜೊತೆ ಮಾತಾಡದೇ ಇದ್ದದ್ದು ನನ್ನ ತಪ್ಪು."

ಅಧ್ಯಕ್ಷೆ ನಗಲಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳಿಸಿಕೊಂಡು, ಕನ್ನಡಕ ಕೆಳಗಿಟ್ಟು ಕೇಳಿದರು, "ಇಂಥ ಮಾತು ನಿಮ್ಮಲ್ಲಿ ಇನ್ನೂ ಎಷ್ಟಿವೆ?"

"ಒಣಗಿದ್ದು ಅಂದ್ರೆ ಏನು?" ಎಂದು ಅವರೇ ಒಂದು ಮಾತು ತೆಗೆದು ಕೇಳಿದರು. ಬಿಸಿಲಲ್ಲಿ ಇಟ್ಟದ್ದು ಎಂದಳು ಬುಗುರಕ್ಕ. ಕುಲುಮೆಯಲ್ಲಿ ಇಟ್ಟದ್ದು ಎಂದರು ಸಾರ್. ಗಾಳಿಯನ್ನೇ ಹೊರಗೆಳೆದ ಪಾತ್ರೆಯಲ್ಲಿ ಇಟ್ಟದ್ದು ಎಂದಳು ಮೇಡಂ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷೆ ಹಾಳೆಗಳನ್ನು ಮುಚ್ಚಿದರು. ತಿಳಿಸುತ್ತೇವೆ ಎಂದು ಹೊರಟರು.

ತಿಳಿಸುವ ತನಕದ ದಿನಗಳು ಬುಗುರಕ್ಕನಿಗೆ ಮುಳ್ಳಿನ ಮೇಲೆ ಇದ್ದ ಹಾಗೆ. ಶೆಡ್ಡಿನ ಕಪಾಟನ್ನು ಆ ಗೋಡೆಗೆ ಸರಿಸಿದಳು, ಮತ್ತೆ ಈ ಗೋಡೆಗೆ ತಂದಳು. ಉಳಿದರ್ಧ ಲೋಡನ್ನು ಯಾರೂ ಹೇಳದಿದ್ದರೂ ಸಾಣೆ ಹಿಡಿದು ಮುಗಿಸಿದಳು. ನಾದಿನಿಯ ಪಕ್ಕದಲ್ಲಿ ಒಂದು ಬೆಳಗ್ಗೆ ತಾನೂ ಕಣ್ಣು ಮುಚ್ಚಿ ಕೂತಳು. ಬೇಡಿಕೊಳ್ಳಲು ಮಾತು ಹೊಳೆಯುವ ಮೊದಲೇ ಎದ್ದುಬಿಟ್ಟಳು. ನಾದಿನಿ ಕಣ್ಣು ತೆರೆಯದೆಯೇ, "ಪರವಾಗಿಲ್ಲ, ನಿಂದೂ ಸೇರಿಸಿ ಹೇಳಿದ್ದೀನಿ" ಎಂದಳು.

ಸುದ್ದಿ ತಂದವಳು ಮೇಡಂ. ಫೋನು ಮಾಡಲಿಲ್ಲ, ನಡೆದೇ ಬಂದಳು, ಎದುರು ನಿಂತು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಮೂರು ವರ್ಷ ಕೇಳಿದ್ದಕ್ಕೆ ಒಂದು ವರ್ಷ ಕೊಟ್ಟಿದ್ದಾರೆ. ಶೆಡ್ಡು ಇನ್ನು ಮಾಲು ಕೊಡುವ ಜಾಗವಲ್ಲ, ಮೂರನೆಯ ಪಾಲುದಾರ, ಬುಗುರಕ್ಕನೂ ಸಹಿ ಹಾಕಬೇಕು. ಜೊತೆಗೊಂದು ಷರತ್ತು. ವಾರಕ್ಕೊಂದು ದಿನ ಪ್ರತಿಯೊಬ್ಬರೂ ಇನ್ನೊಬ್ಬರ ಜಾಗದಲ್ಲಿ ಕೆಲಸ ಮಾಡಬೇಕು, ಅರ್ಥವಾಗದ್ದನ್ನೆಲ್ಲ ಅಲ್ಲೇ ಕೇಳಬೇಕು. ಕೇಳುತ್ತಿದ್ದಾರೆಯೇ ಎಂದು ಅಧ್ಯಕ್ಷೆ ಆಗಾಗ ಬಂದು ನೋಡುತ್ತಾರೆ.

"ಒಂದೇ ವರ್ಷಾನಾ?" ಎಂದಳು ನಾದಿನಿ, ಮುಖ ಸಣ್ಣ ಮಾಡಿಕೊಂಡು.

ಬುಗುರಕ್ಕ ಪೆನ್ನು ಕೇಳಿದಳು. ಅವಳು ಯಾವ ಕೆಲಸದಲ್ಲೂ ವರ್ಷ ಪೂರೈಸುವ ಮಾತನ್ನು ಮೊದಲೇ ಕೊಟ್ಟವಳಲ್ಲ. ಸಹಿ ಹಾಕುವಾಗ ಹೆತ್ತವರು ಇಟ್ಟ ಹೆಸರು ಸ್ವಲ್ಪ ಸೊಟ್ಟಗೆ ಬಂತು.

ಮೊದಲ ವಾರ ಮೇಡಂ ಶೆಡ್ಡಿನಲ್ಲಿ ನಾದಿನಿಯ ಕೈಕೆಳಗೆ, ಹಿತ್ತಾಳೆಯ ಉಳಿ ಹಿಡಿದು. ಬುಗುರಕ್ಕ ಮೇಡಂನ ಪ್ರಯೋಗಾಲಯದಲ್ಲಿ, ಆಸಿಡ್ ಸಾರ್ ಜೊತೆ. ಅವರಿಗೂ ಅಂದು ಅಲ್ಲೇ ಸರದಿ. ಪಾತ್ರೆಯೊಳಗೆ ಹೈಡ್ರೋಜನ್ ಬಿಟ್ಟಾಗಿತ್ತು. ಇನ್ನು ತಿರುಗಿಸಲು ಏನೂ ಇಲ್ಲ, ತಿರುವಿ ಹಾಕಲು ಏನೂ ಇಲ್ಲ. ಗೋಡೆಯ ಮೇಲಿನ ಒತ್ತಡದ ಮುಳ್ಳನ್ನು ನೋಡುತ್ತಾ ಕುರ್ಚಿಯಲ್ಲಿ ಕೂರಬೇಕು. ಎದ್ದು ಓಡಾಡಿದರೆ ನೆಲ ಅದುರಿ ಮುಳ್ಳು ಅಲ್ಲಾಡುತ್ತದೆ ಎಂದು ಸಾರ್ ಮೊದಲೇ ಹೇಳಿದ್ದರು. ಅದು ನಿಜವೋ, ಅವಳನ್ನು ಕೂರಿಸಲು ಹೂಡಿದ ಉಪಾಯವೋ, ದೇವರಿಗೇ ಗೊತ್ತು.

ಬುಗುರಕ್ಕ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿದಳು. ಇಳಿಸಿದಳು. ಎರಡು ಕೈಗಳನ್ನೂ ತೊಡೆಯ ಕೆಳಗೆ ತುರುಕಿ ಕೂತಳು.

"ಈಗೇನಾಗ್ತಿದೆ ಸಾರ್?"

"ಏನೂ ಆಗ್ತಿಲ್ಲ. ಕಾಯಬೇಕು."

"ಅದು ಯಾಕೆ ಇಷ್ಟು ಹೊತ್ತು ತಗೊಳ್ಳುತ್ತೆ?"

ಅವರು ಹೇಳಿದರು.

"ಮುಳ್ಳು ಯಾಕೆ ಕೆಳಗೆ ಇಳೀಬೇಕು, ಮೇಲೆ ಹೋಗಬಾರ್ದಾ?"

ಅವರು ಅದನ್ನೂ ಹೇಳಿದರು. ಅವಳು ಒಂದು ಕ್ಷಣ ಬಿಟ್ಟು, "ಒತ್ತಡ ಅಂದ್ರೆ ನೀವು ಹೇಳೋ ಒತ್ತಡ ಬೇರೆ, ಮೇಡಂ ಹೇಳೋದು ಬೇರೆ ಅಲ್ಲ ತಾನೆ?" ಎಂದಳು.

"ಅಮ್ಮಾ ತಾಯಿ, ಇನ್ನೆಷ್ಟು ಕೇಳ್ತೀರಿ?"

"ನಾನೇನು ಇಷ್ಟಪಟ್ಟು ಕೇಳ್ತಿದ್ದೀನಾ ಸಾರ್? ಒಂದು ವರ್ಷ ಕೇಳ್ಬೇಕು ಅಂತ ಸಹಿ ಹಾಕಿದ್ದೀನಿ" ಎಂದು ಬುಗುರಕ್ಕ ಕುರ್ಚಿಯನ್ನು ಪಾತ್ರೆಯ ಹತ್ತಿರಕ್ಕೆ ಎಳೆದುಕೊಂಡು, ಎದ್ದೇಳದೆ, ಮುಂದಿನ ಪ್ರಶ್ನೆ ಕೇಳಿದಳು.